ಡಾಸ್, ಮ್ಯಾಕ್, ವಿಂಡೋಸ್: ಒಂದು ಹಳೆಯ ಜಗಳದ ಪೂರ್ವಚರಿತ್ರೆ



ಕಳೆದ ಯುಗಾದಿ ಊಟದ ದಿನ ಬಿಸಿಬೇಳೆಬಾತಿನ ಪಾತ್ರೆ ಬರಿದಾದ ಮೇಲೂ ಒಂದು ಮೇಜಿನ ಸುತ್ತ ಮಾತು ಮುಗಿದಿರಲಿಲ್ಲ. ಮ್ಯಾಕ್ ಮೇಲೋ, ವಿಂಡೋಸ್ ಮೇಲೋ, ಲಿನಕ್ಸ್ ಮೇಲೋ ಎಂಬ ವಾದ. ದ್ವೈತ ಅದ್ವೈತಗಳ ಚರ್ಚೆಯೂ ಇಷ್ಟು ಕಾವೇರಿರಲಾರದು. ವೈದ್ಯರಾದ ನಮಗೆ ಈ ಶಾಸ್ತ್ರದಲ್ಲಿ ಪಾಂಡಿತ್ಯವಿಲ್ಲ. ಆದರೆ ರೋಗಿಯ ಪೂರ್ವಚರಿತ್ರೆ ಕೇಳದೆ ಔಷಧ ಬರೆಯಬಾರದೆಂದು ನಮ್ಮ ಗುರುಗಳು ಕಲಿಸಿದ್ದಾರೆ. ಹಾಗಾಗಿ ಈ ಜಗಳದ ಪೂರ್ವಚರಿತ್ರೆಯನ್ನು ಇಲ್ಲಿ ಬರೆದಿದ್ದೇವೆ.

ಆಪರೇಟಿಂಗ್ ಸಿಸ್ಟಂ ಎಂದರೆ ಯಂತ್ರಕ್ಕೂ ನಾವು ಬಳಸುವ ಪ್ರೋಗ್ರಾಮಿಗೂ ನಡುವೆ ನಿಂತು ಕೀಲಿಮಣೆ, ಪರದೆ, ಡಿಸ್ಕು, ಮೆಮೊರಿಗಳನ್ನು ನೋಡಿಕೊಳ್ಳುವ ವ್ಯವಸ್ಥೆ. ನಮ್ಮ ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ ಅದು ಮೆದುಳಿನ ಕಾಂಡ. ಸರಿಯಿದ್ದಾಗ ಅದು ಇರುವುದೇ ತಿಳಿಯುವುದಿಲ್ಲ. ಕೆಟ್ಟಾಗ ಉಳಿದದ್ದೆಲ್ಲ ನಿಲ್ಲುತ್ತದೆ.

ಸಣ್ಣ ಕಂಪ್ಯೂಟರುಗಳಲ್ಲಿ ಮೊದಲು ಹೆಸರು ಮಾಡಿದ್ದು ಗ್ಯಾರಿ ಕಿಲ್ಡಾಲ್ 1974ರಲ್ಲಿ ಬರೆದ ಸಿಪಿ/ಎಂ. ಐಬಿಎಂ ತನ್ನ ಪಿಸಿಯನ್ನು 1981ರ ಆಗಸ್ಟ್‌ನಲ್ಲಿ ಹೊರತಂದಾಗ ಗಿರಾಕಿಯ ಮುಂದೆ ಆಯ್ಕೆಗಳಿದ್ದವು. ಮೈಕ್ರೋಸಾಫ್ಟ್ ಒದಗಿಸಿದ ಡಾಸ್‌ಗೆ 40 ಡಾಲರ್, ಸಿಪಿ/ಎಂನ ಹೊಸ ಆವೃತ್ತಿಗೆ 240 ಡಾಲರ್. ಆ ಡಾಸ್ ಕೂಡ ಮೈಕ್ರೋಸಾಫ್ಟಿನ ಸ್ವಂತ ಕೂಸಲ್ಲ. ಸಿಯಾಟಲ್ಲಿನ ಒಂದು ಚಿಕ್ಕ ಕಂಪನಿಯಲ್ಲಿ ಟಿಮ್ ಪ್ಯಾಟರ್ಸನ್ ಬರೆದದ್ದನ್ನು ಕೊಂಡು ತಿದ್ದಿದ್ದು. ಜನ ಯಾವುದನ್ನು ಕೊಂಡರೆಂದು ಹೇಳಬೇಕಾಗಿಲ್ಲ.

ಡಾಸ್‌ನ ಗುಣ ಸರಳ: ಅಗ್ಗ, ಕಡಿಮೆ ಮೆಮೊರಿ ಸಾಕು, ಐಬಿಎಂ ಮಾದರಿಯ ಯಾರ ಯಂತ್ರದಲ್ಲಾದರೂ ಓಡುತ್ತದೆ. ದೋಷವೂ ಸರಳ: ಆಜ್ಞೆಗಳನ್ನು ಬಾಯಿಪಾಠ ಮಾಡಬೇಕು, ಒಂದು ಸಲಕ್ಕೆ ಒಂದೇ ಕೆಲಸ, ಫೈಲಿನ ಹೆಸರಿಗೆ ಎಂಟೇ ಅಕ್ಷರ.

ಆಪಲ್ ಕಂಪನಿಯ ಮ್ಯಾಕಿಂತೋಷ್ ಬಂದದ್ದು 1984ರ ಜನವರಿಯಲ್ಲಿ. ಪರದೆಯ ಮೇಲೆ ಚಿತ್ರಗಳು, ಕೈಯಲ್ಲಿ ಮೌಸ್. ಬಾಯಿಪಾಠ ತಪ್ಪಿತು. ಈ ವಿಚಾರದ ಬೀಜ ಅದಕ್ಕೂ ಮುಂಚೆಯೇ ಪಾಲೋ ಆಲ್ಟೋದ ಜೆರಾಕ್ಸ್ ಪ್ರಯೋಗಾಲಯದಲ್ಲಿ ಮೊಳೆತಿತ್ತು. ಆದರೆ ಮ್ಯಾಕಿಂತೋಷ್‌ನ ಬೆಲೆ 2,495 ಡಾಲರ್, ಮೆಮೊರಿ ಬರೀ 128 ಕಿಲೋಬೈಟ್, ಹಾರ್ಡ್ ಡಿಸ್ಕ್ ಇಲ್ಲ. ಬೇರೆ ಕಂಪನಿಗಳ ಯಂತ್ರಗಳಿಗೆ ಆ ವ್ಯವಸ್ಥೆ ಸಿಗುತ್ತಲೂ ಇರಲಿಲ್ಲ.

ಅದೇ ಚಿತ್ರ, ಅದೇ ಮೌಸ್ ಅಗ್ಗದ ಯಂತ್ರಗಳಿಗೆ ಬಂದದ್ದು ವಿಂಡೋಸ್ ಮೂಲಕ. 1985ರ ಮೊದಲ ವಿಂಡೋಸನ್ನು ಹೆಚ್ಚು ಜನ ಕೇಳಲಿಲ್ಲ. 1990ರ ಮೂರನೆಯದು ಗೆದ್ದಿತು. ನಕಲು ಮಾಡಿದ್ದಾರೆಂದು ಆಪಲ್ 1988ರಲ್ಲಿ ಹೂಡಿದ ದಾವೆ 1994ರಲ್ಲಿ ಮೇಲ್ಮನವಿಯಲ್ಲೂ ಸೋತಿತು. ವಿಚಿತ್ರವೆಂದರೆ 1997ರಲ್ಲಿ ಕಷ್ಟದಲ್ಲಿದ್ದ ಆಪಲ್‌ಗೆ 15 ಕೋಟಿ ಡಾಲರ್ ಬಂಡವಾಳ ಕೊಟ್ಟದ್ದೂ ಅದೇ ಮೈಕ್ರೋಸಾಫ್ಟ್!

ನಮಗೆ ಹೆಚ್ಚು ಪಾಠ ಕಲಿಸುವುದು ಓಎಸ್/2ರ ಕಥೆ. ಐಬಿಎಂ ಮತ್ತು ಮೈಕ್ರೋಸಾಫ್ಟ್ ಕೂಡಿ 1987ರಲ್ಲಿ ತಂದ ಈ ವ್ಯವಸ್ಥೆಯನ್ನು ಅವರಿಬ್ಬರ ಸಂಸಾರ ಒಡೆದ ಮೇಲೆ ಐಬಿಎಂ ಒಂದೇ ಸಾಕಿತು. ಒಂದು ಪ್ರೋಗ್ರಾಮು ಕುಸಿದರೆ ಉಳಿದವನ್ನು ಜೊತೆಗೆಳೆಯದಂತೆ ಕಾಯುವುದರಲ್ಲಿ 1992ರ ಅದರ ಎರಡನೆಯ ಆವೃತ್ತಿ ಆಗಿನ ವಿಂಡೋಸಿಗಿಂತ ಮೇಲಿತ್ತು. ವಿಂಡೋಸಿನ ಪ್ರೋಗ್ರಾಮುಗಳನ್ನೂ ಓಡಿಸುತ್ತಿತ್ತು. ಆ ಗುಣವೇ ಮುಳುವಾಯಿತು. ವಿಂಡೋಸಿಗೆ ಬರೆದದ್ದು ಇದರಲ್ಲೂ ಓಡುವುದಾದರೆ ಇದಕ್ಕೆಂದೇ ಬೇರೆ ಬರೆಯುವ ಶ್ರಮ ಯಾರಿಗೆ ಬೇಕು? 2006ರ ಕೊನೆಗೆ ಐಬಿಎಂ ಅದರ ಆರೈಕೆ ನಿಲ್ಲಿಸಿತು.

ಇನ್ನು ಲಿನಕ್ಸ್. ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಅದನ್ನು 1991ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. 1992ರ ಜನವರಿಯಲ್ಲಿ ಆಮ್‌ಸ್ಟರ್‌ಡ್ಯಾಮಿನ ಪ್ರೊಫೆಸರ್ ಆಂಡ್ರ್ಯೂ ಟಾನೆನ್‌ಬಾಮ್ ಆಕ್ಷೇಪ ಎತ್ತಿದರು: ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟುವ ಈ ರಚನೆ ಹಳೆಯದು, ಒಂದೇ ಬಗೆಯ ಇಂಟೆಲ್ ಚಿಪ್ಪಿಗೆ ಅಂಟಿಕೊಂಡಿದೆ. ಶಾಸ್ತ್ರದ ದೃಷ್ಟಿಯಿಂದ ಅವರ ಮಾತಿನಲ್ಲಿ ತಥ್ಯವಿತ್ತೆಂದು ಬಲ್ಲವರು ಹೇಳುತ್ತಾರೆ. ಆದರೂ ಅದೇ ಲಿನಕ್ಸಿನ ತಿರುಳು 2008ರಿಂದ ಆಂಡ್ರಾಯ್ಡ್ ಫೋನುಗಳಲ್ಲಿದೆ. 2017ರ ನವೆಂಬರಿನ ಪಟ್ಟಿಯಲ್ಲಿ ಜಗತ್ತಿನ 500 ಅತಿವೇಗದ ಕಂಪ್ಯೂಟರುಗಳೆಲ್ಲವೂ ಲಿನಕ್ಸಿನವೇ.

ಅಂದರೆ ಈ ಯುದ್ಧಗಳನ್ನು ಗುಣವೊಂದೇ ತೀರ್ಮಾನಿಸಲಿಲ್ಲ. ಬೆಲೆ, ಸಿಗುವ ಪ್ರೋಗ್ರಾಮುಗಳು, ಯಾರು ಯಾರಿಗೆ ಹಂಚಲು ಬಿಟ್ಟರು ಎಂಬುದು ತೀರ್ಮಾನಿಸಿತು.

ಕನ್ನಡಿಗರಾದ ನಮಗೆ ಇನ್ನೊಂದು ಪ್ರಶ್ನೆಯಿತ್ತು: ಯಾವುದರಲ್ಲಿ ಕನ್ನಡ ಬರುತ್ತದೆ? ಡಾಸ್ ಕಾಲದಲ್ಲಿ ಅದಕ್ಕೆಂದು ಪುಣೆಯ ಸಿ-ಡ್ಯಾಕ್ ಸಂಸ್ಥೆಯ ಜಿಸ್ಟ್ ಕಾರ್ಡನ್ನು ಯಂತ್ರದೊಳಗೆ ಕೂರಿಸಬೇಕಿತ್ತು. ನಾವು 1996ರಲ್ಲಿ ರೆಸಿಡೆನ್ಸಿಗೆಂದು ಈ ದೇಶಕ್ಕೆ ಬಂದಾಗ ಕಂಡ ಉಪಾಯ ಬೇರೆ. ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡ ಅಕ್ಷರಗಳ ತುಂಡುಗಳನ್ನು, ತಲೆಕಟ್ಟು ಒಂದು ಕಡೆ, ಒತ್ತು ಇನ್ನೊಂದು ಕಡೆ, ತುಂಬಿಡುವುದು. ಒಬ್ಬೊಬ್ಬರ ಜೋಡಣೆ ಒಂದೊಂದು ಬಗೆ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದಾಗ ಹೊರನಾಡಿನ ನಮಗೆಲ್ಲ ಹಬ್ಬವಾಯಿತು. ಅದು ವಿಂಡೋಸಿನದಾದ್ದರಿಂದ ನಮ್ಮಲ್ಲಿ ಕೆಲವರು ಮ್ಯಾಕ್ ಬಿಟ್ಟದ್ದೂ ಉಂಟು. ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಖ್ಯೆಯನ್ನು ಯೂನಿಕೋಡ್ 1991ರಲ್ಲೇ ಕೊಟ್ಟಿತ್ತು. ಆದರೆ ಅದು ಮನೆಯ ಯಂತ್ರದಲ್ಲಿ ನಿಜವಾಗಿ ಓಡಾಡತೊಡಗಿದ್ದು 2001ರ ವಿಂಡೋಸ್ ಎಕ್ಸ್‌ಪಿಯಿಂದ.

ಈ ನಡುವಿನ ವರ್ಷಗಳ ನಷ್ಟ ನಮ್ಮ ಮನೆಯಲ್ಲೇ ಇದೆ. ಸಂಘದ ಹಿರಿಯರೊಬ್ಬರು ತಮ್ಮ ಊರಿನ ಕೆರೆಯ ಬಗ್ಗೆ ಈ ಪತ್ರಿಕೆಗೆ ನಾಲ್ಕು ಕಂತು ಬರೆದಿದ್ದರು. ಮೂರು ಅಚ್ಚಾದವು. ನಾಲ್ಕನೆಯದು ಫ್ಲಾಪಿಯಲ್ಲೇ ಉಳಿಯಿತು. ಕಳೆದ ವರ್ಷ ಅವರು ತೀರಿಕೊಂಡ ಮೇಲೆ ಮಕ್ಕಳು ಕೇಳಿದರೆಂದು ನಾವು ಅದನ್ನು ತೆರೆಸಿ ನೋಡಿದೆವು. ಫ್ಲಾಪಿ ಕೆಟ್ಟಿರಲಿಲ್ಲ. ಆದರೆ ಪರದೆಯ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು, ಚುಕ್ಕೆಗಳು. ಅದನ್ನು ಬರೆದ ಅಕ್ಷರ ಪ್ಯಾಕೇಜು ನಮ್ಮ ಯಾರಲ್ಲೂ ಉಳಿದಿಲ್ಲ. ಜೆರಾಕ್ಸ್ ಮಾಡಿ ಹಂಚಿದ ಆ ಮೂರು ಕಂತುಗಳನ್ನು ಮಾತ್ರ ಇವತ್ತೂ ಯಾರಾದರೂ ಓದಬಹುದು.

ಅಭಿಮನ್ಯುವಿಗೆ ಚಕ್ರವ್ಯೂಹದ ಒಳಗೆ ನುಗ್ಗಲು ಗೊತ್ತಿತ್ತು, ಹೊರಬರಲು ಗೊತ್ತಿರಲಿಲ್ಲ. ಯಾವ ಸಿಸ್ಟಂ ಮೇಲು ಎಂದು ಕೇಳುವವರಿಗೆ ನಮ್ಮ ಸಲಹೆ ಇಷ್ಟೇ: ನಿಮ್ಮ ಬರಹವನ್ನು ಅದರಿಂದ ಹೊರತೆಗೆದು ಇನ್ನೊಂದರಲ್ಲಿ ಓದಬಹುದೇ ಎಂದು ಮೊದಲು ನೋಡಿಕೊಳ್ಳಿ. ಉಳಿದ ವಾದ ಊಟದ ಮೇಜಿಗಿರಲಿ.

ಕೊನೆಗೊಂದು ಕೋರಿಕೆ. 1997ರ ಸುಮಾರಿನ ಕನ್ನಡ ಅಕ್ಷರಗಳಿರುವ ಹಳೆಯ ಕಂಪ್ಯೂಟರು ಯಾರ ಬೇಸ್‌ಮೆಂಟಿನಲ್ಲಾದರೂ ಧೂಳು ಹಿಡಿದು ಕೂತಿದ್ದರೆ ದಯವಿಟ್ಟು ಎಸೆಯಬೇಡಿ. ಮುಂದಿನ ಸಭೆಗೆ ಬಂದಾಗ ನಮಗೆ ತಿಳಿಸಿ. ಆ ನಾಲ್ಕನೆಯ ಕಂತನ್ನು ಅವರ ಮಕ್ಕಳ ಕೈಗೆ ಕೊಡಬೇಕಾಗಿದೆ.