ಪ್ರೇಮಪತ್ರದ ಹೆಸರಿನಲ್ಲಿ ಬಂದ ಹುಳು

ಈಚೆಗೆ ನಮ್ಮ ಯುವ ಘಟಕದ ಒಬ್ಬರ ಮನೆಯ ಕಂಪ್ಯೂಟರಿನಲ್ಲಿದ್ದ ಫೋಟೋಗಳು ಒಂದೇ ಮಧ್ಯಾಹ್ನದಲ್ಲಿ ತೆರೆಯದಂತಾದವು. ಅಜ್ಜಿಯ ಕೊನೆಯ ಹುಟ್ಟುಹಬ್ಬ, ತಂಗಿಯ ಪ್ರಥಮ ಪರಮಪ್ರಸಾದ, ಎಂಟು ವರ್ಷಗಳ ಇಗರ್ಜಿ ಹಬ್ಬ, ಎಲ್ಲ ಅದರಲ್ಲೇ ಇದ್ದವು. ಕೊರಿಯರ್ ಬಿಲ್ ಎಂದು ಮೇಲ್‌ನಲ್ಲಿ ಬಂದ ಫೈಲನ್ನು ಮನೆಯ ಅಂಕಲ್ ಒತ್ತಿದ್ದರು. ಫೋಟೋ ಬೇಕಿದ್ದರೆ ಹಣ ಕಟ್ಟಿ ಎಂಬ ಇಂಗ್ಲಿಷ್ ಚೀಟಿಯೊಂದು ಪರದೆಯ ಮೇಲೆ ಬಂದು ಕೂತಿತು. "ನಾನೇ ಒತ್ತಿದ್ದು, ನಾನೇ ಹಾಳು ಮಾಡಿದ್ದು" ಎಂದು ಅವರು ವಾರವಿಡೀ ಹೇಳುತ್ತಿದ್ದರು. ಹೀಗೆ ಒತ್ತಿದವರಲ್ಲಿ ನೀವು ಮೊದಲನೆಯವರಲ್ಲ ಅಂಕಲ್ ಎಂದು ಹೇಳಹೊರಟ ನಾವು ಹಳೆಯ ಕಥೆಗಳನ್ನು ಹುಡುಕಿ ಓದಿದೆವು. ಆ ಓದಿನಿಂದ ಈ ಲೇಖನ.

ಮನೆಯ ಕಂಪ್ಯೂಟರಿಗೆ ಬಂದ ಮೊದಲ ಕಾಟಗಳಲ್ಲಿ ಒಂದು ಹುಟ್ಟಿದ್ದು ನಮಗೆ ಅಷ್ಟೇನೂ ದೂರವಲ್ಲದ ಲಾಹೋರಿನಲ್ಲಿ, 1986ರಲ್ಲಿ. ಬಾಸಿತ್ ಮತ್ತು ಅಮ್ಜದ್ ಫಾರೂಕ್ ಆಲ್ವಿ ಎಂಬ ಅಣ್ಣತಮ್ಮಂದಿರು ತಮ್ಮ ಸಾಫ್ಟ್‌ವೇರನ್ನು ಜನ ಕದ್ದು ನಕಲು ಮಾಡುತ್ತಾರೆಂದು 'ಬ್ರೈನ್' ಎಂಬ ವೈರಸ್ ಬರೆದರು. ಅದು ಫ್ಲಾಪಿಯಿಂದ ಫ್ಲಾಪಿಗೆ ದಾಟುತ್ತಿತ್ತು. ತಮಾಷೆಯೆಂದರೆ ಅದರೊಳಗೆ ತಮ್ಮ ಅಂಗಡಿಯ ವಿಳಾಸ, ಫೋನ್ ನಂಬರನ್ನೂ ಬರೆದಿಟ್ಟಿದ್ದರು! ಬೇರೆ ದೇಶಗಳಿಂದ ಫೋನ್ ಕರೆಗಳು ಬರತೊಡಗಿದಾಗ ಅವರಿಗೇ ಆಶ್ಚರ್ಯವಾಯಿತಂತೆ. ವಿಳಾಸ ಕೊಟ್ಟು ಬರುವ ಕಳ್ಳರ ಕಾಲ ಅದು.

ಅಂಕಲ್‌ಗೆ ನಾವು ಮುಖ್ಯವಾಗಿ ಹೇಳಬೇಕೆಂದಿದ್ದ ಕಥೆ 2000ದ ಮೇ 4ರದು. ಅಂದು ಗುರುವಾರ. ಫಿಲಿಪ್ಪೀನ್ಸಿನಿಂದ ಹೊರಟ ಒಂದು ಇಮೇಲ್ ಏಷ್ಯಾದ ಕಚೇರಿಗಳಿಗೆ ಬಂತು, ಯುರೋಪಿನಲ್ಲಿ ಬೆಳಗಾದಾಗ ಅಲ್ಲಿಗೆ, ಆಮೇಲೆ ಅಮೆರಿಕಕ್ಕೆ. ವಿಷಯದ ಜಾಗದಲ್ಲಿ 'ಐ ಲವ್ ಯೂ' ಎಂದಷ್ಟೇ ಇತ್ತು. ಜೊತೆಗೆ ಪ್ರೇಮಪತ್ರವೆಂಬ ಹೆಸರಿನ ಒಂದು ಫೈಲ್. ಅಪರಿಚಿತರು ಕಳಿಸಿದ್ದರೆ ಯಾರೂ ಮುಟ್ಟುತ್ತಿರಲಿಲ್ಲವೇನೋ. ಆದರೆ ಕಳಿಸಿದವರ ಜಾಗದಲ್ಲಿ ಪಕ್ಕದ ಮೇಜಿನವರ, ಮೇಲಧಿಕಾರಿಯ, ಹಳೆಯ ಗೆಳತಿಯ ಹೆಸರಿತ್ತು. ಯಾರಿಗೆ ಕುತೂಹಲವಾಗುವುದಿಲ್ಲ, ಹೇಳಿ?

ಫೈಲಿನ ಹೆಸರಿನಲ್ಲಿ 'ಟಿಎಕ್ಸ್‌ಟಿ' ಎಂದು ಕಾಣುತ್ತಿತ್ತು, ಅಂದರೆ ಬರೀ ಅಕ್ಷರಗಳ ಕಡತ. ಅದರ ಹಿಂದೆ ಇನ್ನೊಂದು ಬಾಲವಿತ್ತು: 'ವಿಬಿಎಸ್'. ಅದು ಕಂಪ್ಯೂಟರಿಗೆ ಆಜ್ಞೆ ಕೊಡುವ ಸ್ಕ್ರಿಪ್ಟ್ ಎಂದು ಹೇಳುವ ಗುರುತು. ವಿಂಡೋಸ್ ತನಗೆ ಪರಿಚಯವಿರುವ ಫೈಲುಗಳ ಕೊನೆಯ ಬಾಲವನ್ನು ತಾನಾಗಿ ಮರೆಮಾಡುತ್ತಿತ್ತು. ಹಾಗಾಗಿ ಜನ ಓದಲೆಂದು ಒತ್ತಿದ್ದು ಪತ್ರವನ್ನಲ್ಲ, ಪ್ರೋಗ್ರಾಮನ್ನು. ಅದು ಔಟ್‌ಲುಕ್‌ನ ವಿಳಾಸ ಪುಸ್ತಕದಲ್ಲಿದ್ದವರಿಗೆಲ್ಲ ತನ್ನದೇ ಪ್ರತಿ ಕಳಿಸಿತು. ಜೇಪೆಗ್ ಫೋಟೋಗಳ ಮೇಲೆ ತನ್ನನ್ನೇ ಬರೆದು ಅವನ್ನು ಅಳಿಸಿತು. ಹಾಡಿನ ಎಂಪಿ3 ಫೈಲುಗಳನ್ನು ಮಾತ್ರ ಏಕೋ ಅಡಗಿಸಿಟ್ಟಿತು. ಪಾಸ್‌ವರ್ಡ್ ಕದಿಯುವ ಇನ್ನೊಂದು ಪ್ರೋಗ್ರಾಮನ್ನು ಇಳಿಸಿಕೊಳ್ಳಲೂ ನೋಡಿತು. ಬ್ರಿಟನ್ನಿನ ಸಂಸತ್ತು ತನ್ನ ಮೇಲ್ ವ್ಯವಸ್ಥೆಯನ್ನೇ ಮುಚ್ಚಬೇಕಾಯಿತು. ಅಮೆರಿಕದ ರಕ್ಷಣಾ ಇಲಾಖೆಯವರೂ ಸಿಕ್ಕಿಬಿದ್ದರು. ಅಷ್ಟು ಕಾವಲಿರುವವರೇ ಒತ್ತಿದ ಮೇಲೆ ನಮ್ಮ ಅಂಕಲ್ ಒತ್ತಿದ್ದರಲ್ಲಿ ಏನು ದೊಡ್ಡ ಮಾತು?

ಬರೆದವನು ಮನಿಲಾದ ಕಂಪ್ಯೂಟರ್ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಒನೆಲ್ ದೆ ಗುಜ್ಮಾನ್. ಇಂಟರ್ನೆಟ್ ಪಾಸ್‌ವರ್ಡ್ ಕದಿಯುವ ಬಗ್ಗೆ ಅವನು ಕೊಟ್ಟಿದ್ದ ಪ್ರಬಂಧದ ಯೋಜನೆಯನ್ನು ಕಾಲೇಜು ತಿರಸ್ಕರಿಸಿತ್ತು. ಹಣವಿಲ್ಲದವರಿಗೂ ಇಂಟರ್ನೆಟ್ ಸಿಗಬೇಕು ಎಂಬುದು ಅವನ ವಾದ. ವಾದದಲ್ಲಿ ಸ್ವಲ್ಪ ಹುರುಳಿದೆ, ದಾರಿಯಲ್ಲಿ ಇಲ್ಲ. ಅವನನ್ನು ಶಿಕ್ಷಿಸಲು ಆ ದೇಶದಲ್ಲಿ ಆಗ ತಕ್ಕ ಕಾನೂನೇ ಇರಲಿಲ್ಲ, ಮೊಕದ್ದಮೆ ಬಿದ್ದುಹೋಯಿತು. ಮರುತಿಂಗಳೇ ಅಲ್ಲಿ ಕಾನೂನು ಬಂತು, ಆದರೆ ಹಿಂದಿನ ತಪ್ಪಿಗೆ ಅದು ಅನ್ವಯಿಸದು. ನಮ್ಮ ದೇಶದ ಮಾಹಿತಿ ತಂತ್ರಜ್ಞಾನ ಕಾಯ್ದೆಯೂ ಅದೇ ವರ್ಷದ್ದು, ಜಾರಿಗೆ ಬಂದದ್ದು 2000ದ ಅಕ್ಟೋಬರ್ 17ಕ್ಕೆ. ಇಪ್ಪತ್ತು ವರ್ಷಗಳ ನಂತರ ಬ್ರಿಟಿಷ್ ಪತ್ರಕರ್ತರೊಬ್ಬರು ಒನೆಲ್‌ನನ್ನು ಮನಿಲಾದ ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕಂಡರು. ಬರೆದದ್ದು ತಾನೇ ಎಂದು ಒಪ್ಪಿದ ಅವನು ಪಶ್ಚಾತ್ತಾಪವನ್ನೂ ಹೇಳಿಕೊಂಡ.

ಒತ್ತದಿದ್ದರೂ ಒಳಗೆ ಬರುವ ಹುಳುಗಳು ಆಮೇಲೆ ಬಂದವು. 2003ರ ಆಗಸ್ಟಿನ 'ಬ್ಲಾಸ್ಟರ್' ಅಂಥದ್ದು. ಇಂಟರ್ನೆಟ್ ತಂತಿ ಸಿಕ್ಕಿಸಿದ್ದರೆ ಸಾಕಿತ್ತು. ಅದು ನುಗ್ಗಿದ ತೂತಿಗೆ ಮೈಕ್ರೋಸಾಫ್ಟ್ ಜುಲೈಯಲ್ಲೇ ತೇಪೆ ಕೊಟ್ಟಿತ್ತು, ಹಾಕಿಕೊಳ್ಳದವರೇ ಬಹಳ. ವಿಂಡೋಸ್ ಎಕ್ಸ್‌ಪಿಯಲ್ಲಿ ಫೈರ್‌ವಾಲ್ ಇತ್ತು, ಆದರೆ ತಾನಾಗಿ ಚಾಲೂ ಇರುತ್ತಿರಲಿಲ್ಲ. ಬೀಗವನ್ನು ಬಾಗಿಲಿಗೆ ಹಾಕದೆ ಮೊಳೆಗೆ ತೂಗಿಸಿಟ್ಟ ಹಾಗೆ. 2004ರ ಸರ್ವಿಸ್ ಪ್ಯಾಕ್ 2 ಅದನ್ನು ಸರಿಮಾಡಿತು. 2017ರ ಮೇ 12ರ 'ವನ್ನಾಕ್ರೈ'ಯೂ ಇದೇ ಪಾಠ: ತೇಪೆ ಬಂದದ್ದು ಮಾರ್ಚ್ 14ಕ್ಕೆ, ಬ್ರಿಟನ್ನಿನ ಆಸ್ಪತ್ರೆಗಳು ಸ್ತಬ್ಧವಾದದ್ದು ಎರಡು ತಿಂಗಳ ನಂತರ. ಕಂಪ್ಯೂಟರ್ 'ಅಪ್‌ಡೇಟ್' ಎಂದಾಗ 'ನಾಳೆ' ಎಂದು ಒತ್ತುವ ಅಭ್ಯಾಸ ನಮ್ಮಲ್ಲೂ ಇದೆ, ಒಪ್ಪಿಕೊಳ್ಳುತ್ತೇವೆ.

ನಮ್ಮೂರಿನ ಪಾಲಿಗೆ ಹುಳುವಿನ ಗಾಡಿಯಾಗಿದ್ದದ್ದು ಪೆನ್‌ಡ್ರೈವ್. ಗಾಯನವೃಂದದ ಹಾಡುಗಳು ಡಿಟಿಪಿ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಫೋಲ್ಡರೆಲ್ಲ ಶಾರ್ಟ್‌ಕಟ್ ಆಗಿರುತ್ತಿತ್ತು. ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ನಾವು ಕಲಿತದ್ದು ಲಿನಕ್ಸ್. ಅಲ್ಲಿ ಈ ಕಾಟವಿಲ್ಲದ್ದರಿಂದ ಮನೆಯ ವಿಂಡೋಸ್ ಬಗ್ಗೆ ನಮಗೆ ಎಚ್ಚರವೂ ಕಡಿಮೆಯೇ ಇತ್ತು.

ಅಂಕಲ್ ಹಣ ಕಟ್ಟಲಿಲ್ಲ. ಕಟ್ಟಿದರೂ ಕೀಲಿ ಕೊಡುತ್ತಾರೆಂಬ ಖಾತರಿ ಏನು? 1930ಕ್ಕೆ ಫೋನ್ ಮಾಡಿ ದೂರು ಕೊಟ್ಟರು. ಯುರೋಪಿನ ಪೊಲೀಸರು ಮತ್ತು ಕೆಲವು ಕಂಪನಿಗಳು 2016ರಲ್ಲಿ ಆರಂಭಿಸಿದ 'ನೋ ಮೋರ್ ರಾನ್ಸಮ್' ತಾಣದಲ್ಲಿ ಇಂಥ ಬೀಗಗಳಿಗೆ ಉಚಿತ ಕೀಲಿಗಳಿವೆ. ನಾವು ಅಲ್ಲಿ ಹುಡುಕಿದೆವು, ಈ ಬೀಗದ್ದು ಸಿಗಲಿಲ್ಲ. ಬೀಗ ಬಿದ್ದ ಫೈಲುಗಳನ್ನು ಅಳಿಸದೆ ಇಟ್ಟಿದ್ದೇವೆ, ಮುಂದೆಂದಾದರೂ ಕೀಲಿ ಬಂದೀತು. ಫೈಲಿನ ಬಾಲ ಕಾಣುವಂತೆ ವ್ಯೂ ಮೆನುವಿನಲ್ಲಿ ಗುರುತು ಹಾಕಿಕೊಟ್ಟೆವು. ಇಂದಿನ ವಿಂಡೋಸ್ ಕೂಡ ಅದನ್ನು ಮರೆಮಾಡಿಯೇ ಬರುತ್ತದೆ ಎಂದರೆ ನಂಬುತ್ತೀರಾ?

ಪ್ರಥಮ ಪರಮಪ್ರಸಾದದ ಫೋಟೋಗಳಲ್ಲಿ ಹನ್ನೊಂದು ಮುಂಬಯಿಯ ಚಿಕ್ಕಮ್ಮನ ಹಳೆಯ ಫೋನಿನಲ್ಲಿ ಸಿಕ್ಕಿದವು. ಅಜ್ಜಿಯ ಹುಟ್ಟುಹಬ್ಬದ್ದು ಒಂದೇ, ಅದರಲ್ಲೂ ಅಜ್ಜಿ ಕೇಕ್ ಕಡೆ ನೋಡುತ್ತಿದ್ದಾರೆ. ಅಂಕಲ್ ಅವನ್ನು ಹೊಸ ಹಾರ್ಡ್‌ಡಿಸ್ಕಿಗೆ ಹಾಕಿಸಿ, ತಂತಿ ಕಳಚಿ, ಕಪಾಟಿನಲ್ಲಿ ಜಾಗದ ಪತ್ರಗಳ ಜೊತೆ ಇಟ್ಟಿದ್ದಾರೆ.