ಸೇಂಟ್ ಮೇರಿ ದ್ವೀಪದ ಕಂಬ: ಒಂದು ಕಾಲಾನುಕ್ರಮದ ತಿದ್ದುಪಡಿ

ಬೆಂಗಳೂರಿನ ಹಲಸೂರು, ಇಂದಿರಾನಗರಗಳಿಂದ ವಾರಾಂತ್ಯಕ್ಕೆ ಮಲ್ಪೆಗೆ ಹೊರಡುವವರ ಕೈಗೆ ಸಿಗುವ ಪ್ರವಾಸಿ ಬರಹಗಳಲ್ಲಿ ಒಂದು ಹೇಳಿಕೆ ಮತ್ತೆ ಮತ್ತೆ ಕಾಣುತ್ತದೆ: 1498ರಲ್ಲಿ ವಾಸ್ಕೊ ಡ ಗಾಮ ಮೊದಲು ಅಲ್ಲಿನ ಸೇಂಟ್ ಮೇರಿ ದ್ವೀಪದಲ್ಲಿಳಿದು, ಕಂಬ ನೆಟ್ಟು, ಆಮೇಲೆ ಕಲ್ಲಿಕೋಟೆಗೆ ಹೋದನಂತೆ. ‘ಐತಿಹ್ಯ’ ಎಂದು ಹೇಳಿ ಜಾರಿಕೊಳ್ಳುವ ಲೇಖಕರೂ ಇದ್ದಾರೆ. ಹಾಗೆ ಜಾರಿಕೊಳ್ಳುವ ಅಗತ್ಯವಿಲ್ಲ. ಆ ಯಾನದಲ್ಲಿದ್ದವನೇ ಬರೆದ ದಿನಚರಿ ಉಳಿದಿದೆ. 1838ರಲ್ಲಿ ಪೋರ್ತುಗಲ್‌ನ ಪೋರ್ತೊದಲ್ಲಿ ಅಚ್ಚಾಗಿದೆ. ರಾವೆನ್‌ಸ್ಟೈನ್ ಮಾಡಿದ ಇಂಗ್ಲಿಷ್ ಅನುವಾದವೂ 1898ರಿಂದ ಲಭ್ಯವಿದೆ.

ದಿನಚರಿಯ ಪ್ರಕಾರ ಹಡಗುಗಳು ಏಪ್ರಿಲ್ 24ರಂದು ಆಫ್ರಿಕಾದ ಮಾಲಿಂದಿ ಬಿಟ್ಟವು. ಮೇ 18ರಂದು ನೆಲ ಕಂಡವು. 20ರಂದು ಕಲ್ಲಿಕೋಟೆಯ ಬಳಿ ಲಂಗರು ಹಾಕಿದವು. ಮೊದಲು ಕಂಡ ಎತ್ತರದ ನೆಲವನ್ನು ವಿದ್ವಾಂಸರು ಸಾಮಾನ್ಯವಾಗಿ ಕಣ್ಣೂರಿನ ಏಳಿಮಲೆ ಎಂದು ಗುರುತಿಸುತ್ತಾರೆ. ಅದು ಮಲ್ಪೆಗಿಂತ ದಕ್ಷಿಣಕ್ಕಿದೆ. ಈ ಗುರುತನ್ನು ಒಪ್ಪದವರಿಗೂ ಮುಂದಿನ ಸಾಕ್ಷ್ಯ ಸಾಲಬೇಕು. ಆಗಸ್ಟ್ 29ರಂದು ಕಲ್ಲಿಕೋಟೆ ಬಿಟ್ಟ ಮೇಲೆ, ಸೆಪ್ಟೆಂಬರ್ 15ರ ಶನಿವಾರ, ದಡದಿಂದ ಎರಡು ಲೀಗ್ ದೂರದ ಪುಟ್ಟ ದ್ವೀಪವೊಂದಕ್ಕೆ ದೋಣಿ ಕಳಿಸಿ ಸಾಂತ ಮರಿಯ ಹೆಸರಿನ ಕಂಬ ನೆಡಿಸಿದರು. ಪೋರ್ತುಗಲ್ ದೊರೆ ಆಜ್ಞಾಪಿಸಿದ್ದ ಮೂರು ಕಂಬಗಳಲ್ಲಿ ಎರಡನೆಯದನ್ನು ಕಲ್ಲಿಕೋಟೆಯಲ್ಲಿ ನೆಟ್ಟಾಗಿತ್ತು, ಇದು ಕೊನೆಯದು ಎಂದು ದಿನಚರಿಕಾರನೇ ದಾಖಲಿಸಿದ್ದಾನೆ. ಕೊನೆಯ ಕಂಬವನ್ನು ಮೊದಲ ಹೆಜ್ಜೆಯೆಂದು ಓದಲು ಇನ್ನಾವ ದಾರಿಯಿದೆ?

ಎರಡು ಲೀಗ್ ಎಂದರೆ ಹತ್ತು ಕಿಲೋಮೀಟರಿಗೂ ಹೆಚ್ಚು. ಮಲ್ಪೆಯಿಂದ ದ್ವೀಪಕ್ಕೆ ಅಷ್ಟು ದೂರವಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಸಮುದ್ರದಲ್ಲಿ ಕಣ್ಣಳತೆಗೆ ಅಷ್ಟು ವ್ಯತ್ಯಾಸ ಸಹಜ. ಮುಂದಿನ ಗುರುವಾರದ ಹೊತ್ತಿಗೆ ಅವರು ಕಾರವಾರದ ಬಳಿಯ ಅಂಜದೀವ ತಲುಪಿದ್ದರಿಂದ, ಕಲ್ಲಿಕೋಟೆ, ಮಲ್ಪೆ, ಕಾರವಾರ ಎಂಬ ಕ್ರಮ ಹೊಂದುತ್ತದೆ. ಆದರೂ ಇಂದು ಪ್ರವಾಸಿಗರು ಇಳಿಯುವ ತೆಂಗಿನ ದ್ವೀಪದಲ್ಲೇ ಕಂಬ ನೆಟ್ಟರು ಎನ್ನಲು ದಿನಚರಿಯಲ್ಲಿ ಆಧಾರವಿಲ್ಲ. ಸೇಂಟ್ ಮೇರಿ ಒಂದು ದ್ವೀಪಸಮೂಹ; ಅದರಲ್ಲಿ ಯಾವ ದ್ವೀಪವೆಂದು ದಿನಚರಿ ಹೇಳುವುದಿಲ್ಲ.

ಇನ್ನೊಂದು ತಪ್ಪೂ ಇದರ ಜೊತೆಗೇ ಸಾಗಿಬಂದಿದೆ. ದ್ವೀಪದ ನೈಸರ್ಗಿಕ ಕಂಬಗಲ್ಲುಗಳನ್ನು ದಖ್ಖನ್ ಪ್ರಸ್ತರದ ಬಸಾಲ್ಟ್ ಎನ್ನುವುದು ರೂಢಿ. ಭೂವಿಜ್ಞಾನಿ ಸಿ. ನಾಗಣ್ಣ 1966ರಲ್ಲೇ ಈ ಶಿಲೆಗಳ ಅಧ್ಯಯನ ಪ್ರಕಟಿಸಿದ್ದರು. 1981ರಲ್ಲಿ ವಲ್ಸಂಗ್‌ಕರ್ ಮತ್ತು ಸಂಗಡಿಗರು ಇವನ್ನು ಬಸಾಲ್ಟಿನಿಂದ ಭಿನ್ನವಾದ ಆಮ್ಲೀಯ ಅಗ್ನಿಶಿಲೆಗಳೆಂದೇ ಪರಿಗಣಿಸಿ ವಯಸ್ಸು ಅಳೆದರು. ಬೇರೆ ಬೇರೆ ಅಳತೆಗಳ ಪ್ರಕಾರ ಇವುಗಳ ವಯಸ್ಸು 8.5ರಿಂದ 9.3 ಕೋಟಿ ವರ್ಷ. ದಖ್ಖನ್ ಲಾವಾದ್ದು ಸುಮಾರು 6.6 ಕೋಟಿ. ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ ಕಲ್ಲುಗಳಿವು.

ದ್ವೀಪ ಸುತ್ತಿಸುವವರು ಮುಂದಿನ ಮುದ್ರಣದಲ್ಲಿ ಎರಡು ಸಾಲು ತಿದ್ದಲಿ: ಗಾಮನ ಕಂಬ ಹಿಂತಿರುಗುವ ದಾರಿಯದು, ಕಲ್ಲು ದಖ್ಖನ್ನಿನದಲ್ಲ.