ಗಡ್ಡೆ ಹೇಳುವ ಭವಿಷ್ಯ

ಸಾಕಿದ ನಾಯಿಯ ಮೈಮೇಲೆ ಗಂಟೊಂದು ಕಾಣಿಸಿಕೊಂಡರೆ ನಾವು ಪಶುವೈದ್ಯರಿಗೆ ಕೇಳುವುದು ಎರಡೇ ಪ್ರಶ್ನೆ. ಇದೇನು? ಇದು ಬದುಕುತ್ತದೆಯೇ? ಮೊದಲ ಪ್ರಶ್ನೆಗೆ ಉತ್ತರಿಸಲು ವೈದ್ಯಶಾಸ್ತ್ರ ಹತ್ತೊಂಬತ್ತನೆಯ ಶತಮಾನದಲ್ಲೇ ಕಲಿಯತೊಡಗಿತು. ಎರಡನೆಯದಕ್ಕೆ ಉತ್ತರ ಹುಡುಕಿದ ಚರಿತ್ರೆ ಹೆಚ್ಚು ದೀರ್ಘವಾದುದು. ಅದು ಇನ್ನೂ ಮುಗಿದಿಲ್ಲ.

ಕೊಬ್ಬು, ಸ್ನಾಯು, ನಾರು, ನರದ ಹೊದಿಕೆ ಇವುಗಳಲ್ಲಿ ಹುಟ್ಟುವ ಕ್ಯಾನ್ಸರ್ ಗಡ್ಡೆಗಳನ್ನು ಮೃದು ಅಂಗಾಂಶದ ಸಾರ್ಕೋಮಾ ಎನ್ನುತ್ತಾರೆ. ನಾಯಿಗಳಲ್ಲಿ ಇವು ಸಾಮಾನ್ಯವಾಗಿ ಚರ್ಮದಡಿಯಲ್ಲಿ ಬೆಳೆಯುತ್ತವೆ. ಹೆಚ್ಚಿನವು ದೂರದ ಅಂಗಗಳಿಗೆ ಹರಡುವುದಿಲ್ಲ, ಆದರೆ ಸುತ್ತಲಿನ ಮಾಂಸದೊಳಗೆ ಬೇರುಬಿಡುತ್ತವೆ. ಕೆಲವು ಮಾತ್ರ ಶ್ವಾಸಕೋಶಕ್ಕೆ ಹಬ್ಬಿ ಪ್ರಾಣ ತೆಗೆಯುತ್ತವೆ. ಯಾವುದು ಯಾವ ಬಗೆಯದೆಂದು ಕೈಯಿಂದ ಮುಟ್ಟಿ ಹೇಳಲಾಗದು. ಗಂಟನ್ನಷ್ಟೇ ತೆಗೆಯಬೇಕೇ, ಕಾಲನ್ನೇ ಕತ್ತರಿಸಬೇಕೇ ಎಂಬ ತೀರ್ಮಾನ ಈ ತಿಳುವಳಿಕೆಯ ಮೇಲೆ ನಿಂತಿದೆ.

ಸೂಕ್ಷ್ಮದರ್ಶಕ ಬರುವ ಮುನ್ನ ವೈದ್ಯರ ಕೈಯಲ್ಲಿದ್ದ ಅಳತೆಗೋಲು ಗಡ್ಡೆಯ ಗಾತ್ರ ಮತ್ತು ಜಾಗ. ಸುಮಾರು ಸಾವಿರ ವರ್ಷಗಳ ಹಿಂದೆ ಸ್ಪೇನಿನ ಕಾರ್ಡೋಬಾದಲ್ಲಿದ್ದ ಶಸ್ತ್ರವೈದ್ಯ ಅಬುಲ್ ಕಾಸಿಮ್ ಅಝ್ಝಹ್ರಾವಿ ತನ್ನ ‘ಅತ್ತಸ್ರೀಫ್’ ಗ್ರಂಥದಲ್ಲಿ, ಕ್ಯಾನ್ಸರ್ ಚಿಕ್ಕದಾಗಿದ್ದು ಪೂರ್ತಿ ತೆಗೆಯಬಹುದಾದ ಜಾಗದಲ್ಲಿದ್ದರೆ ಬೇರು ಉಳಿಯದಂತೆ ಕತ್ತರಿಸಬೇಕೆಂದು ಬರೆದ. ಹಳೆಯದಾಗಿ ದೊಡ್ಡದಾಗಿ ಬೆಳೆದುದನ್ನು ತಾನು ಗುಣಪಡಿಸಿದ್ದಿಲ್ಲ ಎಂದು ಮುಚ್ಚುಮರೆಯಿಲ್ಲದೆ ಹೇಳಿಕೊಂಡ. ಅದು ಮನುಷ್ಯರ ಕುರಿತ ಮಾತು. ಆದರೂ ಅದರ ತಿರುಳು ಇಂದಿನ ಪಶುವೈದ್ಯರಿಗೂ ಅನ್ವಯಿಸುತ್ತದೆ.

1838ರಲ್ಲಿ ಬರ್ಲಿನ್ನಿನ ಯೋಹಾನೆಸ್ ಮ್ಯುಲರ್ ಗಡ್ಡೆಗಳೂ ಜೀವಕೋಶಗಳಿಂದಲೇ ಆಗಿವೆಯೆಂದು ತೋರಿಸಿದ. ಆತನ ಶಿಷ್ಯ ರುಡಾಲ್ಫ್ ವಿರ್ಷೋ 1858ರಲ್ಲಿ ರೋಗವೆಂದರೆ ಕೋಶದ ರೋಗವೆಂಬ ಸಿದ್ಧಾಂತವನ್ನು ಗ್ರಂಥರೂಪದಲ್ಲಿ ಮುಂದಿಟ್ಟ. ಮನುಷ್ಯರ ವೈದ್ಯಕ್ಕೂ ಪ್ರಾಣಿಗಳ ವೈದ್ಯಕ್ಕೂ ನಡುವೆ ಗೋಡೆ ಇರಬಾರದು ಎಂಬುದು ಆತನ ನಿಲುವಾಗಿತ್ತು. 1882ರಲ್ಲಿ ಕೀಲ್ ನಗರದ ವಾಲ್ಟರ್ ಫ್ಲೆಮಿಂಗ್ ಕೋಶ ಒಡೆದು ಎರಡಾಗುವ ಕ್ರಿಯೆಯನ್ನು ವಿವರವಾಗಿ ಬರೆದು ಅದಕ್ಕೆ ಮೈಟೋಸಿಸ್ ಎಂಬ ಹೆಸರು ಕೊಟ್ಟ. ಅಲ್ಲಿಂದ ಒಡೆಯುತ್ತಿರುವ ಕೋಶಗಳನ್ನು ಎಣಿಸುವ ದಾರಿ ತೆರೆಯಿತು. ಎಣಿಕೆ ಹೆಚ್ಚಿದಷ್ಟೂ ಗಡ್ಡೆ ಉಗ್ರ ಎಂಬುದು ತರ್ಕ.

1984ರಲ್ಲಿ ಫ್ರಾನ್ಸಿನ ರೋಗಶಾಸ್ತ್ರಜ್ಞರು ಮನುಷ್ಯರ ಸಾರ್ಕೋಮಾಗಳಿಗೆ ಮೂರು ದರ್ಜೆಗಳನ್ನು ಗೊತ್ತುಮಾಡಿದರು. ಕೋಶಗಳು ಮೂಲ ರೂಪವನ್ನು ಎಷ್ಟು ಉಳಿಸಿಕೊಂಡಿವೆ, ಎಷ್ಟು ಒಡೆಯುತ್ತಿವೆ, ಗಡ್ಡೆಯ ಎಷ್ಟು ಭಾಗ ಸತ್ತಿದೆ ಎಂಬ ಮೂರು ಅಂಶಗಳೇ ಅದಕ್ಕೆ ಆಧಾರ. ಪಶುವೈದ್ಯರು ಇದೇ ಮಾದರಿಯನ್ನು ನಾಯಿಗಳಿಗೆ ಒಗ್ಗಿಸಿಕೊಂಡರು. ಆದರೆ ಒಬ್ಬರ ಕಣ್ಣಿಗೆ ಎರಡನೆಯ ದರ್ಜೆಯೆನಿಸಿದ್ದು ಇನ್ನೊಬ್ಬರಿಗೆ ಮೂರನೆಯದೆನಿಸಬಹುದು. ಅಲ್ಲದೆ ಕೋಶದ ತಯಾರಿ ದೀರ್ಘವಾದದ್ದು, ಕಣ್ಣಿಗೆ ಕಾಣುವಂತೆ ಅದು ಒಡೆಯುವ ಗಳಿಗೆ ಬಹಳ ಚಿಕ್ಕದು.

ಆದ್ದರಿಂದ ಒಡೆಯಲು ಸಿದ್ಧವಾಗುತ್ತಿರುವ ಕೋಶವನ್ನೂ ಗುರುತಿಸಬಲ್ಲ ಸೂಚಕಗಳು ಬೇಕಾದವು. ಕೋಶಕೇಂದ್ರದ ಕೆಲವು ಭಾಗಗಳು ಬೆಳ್ಳಿಯ ಲವಣವನ್ನು ಹೀರಿ ಕಪ್ಪು ಚುಕ್ಕಿಗಳಾಗಿ ಕಾಣುತ್ತವೆ. ಚುರುಕಾಗಿ ಬೆಳೆಯುವ ಕೋಶದಲ್ಲಿ ಈ ಚುಕ್ಕಿಗಳು ಹೆಚ್ಚು. ಇದೇ ಆಗ್ನಾರ್ ಎಣಿಕೆ. ಇನ್ನೊಂದು ಸೂಚಕ ಫ್ಲೆಮಿಂಗನ ಕೀಲ್ ನಗರದಿಂದಲೇ ಬಂತು. 1983ರಲ್ಲಿ ಯೋಹಾನೆಸ್ ಗೆರ್ಡೆಸ್ ಮತ್ತು ಸಂಗಡಿಗರು ವರದಿ ಮಾಡಿದ ಪ್ರತಿಕಾಯವೊಂದು, ವಿಶ್ರಾಂತಿಯಲ್ಲಿರುವ ಕೋಶಗಳನ್ನು ಬಿಟ್ಟು ದುಡಿಯುತ್ತಿರುವ ಕೋಶಗಳನ್ನಷ್ಟೇ ಗುರುತಿಸುತ್ತಿತ್ತು. ಊರಿನ ಹೆಸರಿನ ಮೊದಲಕ್ಷರಗಳು, ಪ್ರಯೋಗದ ತಟ್ಟೆಯಲ್ಲಿ ಅದು ಸಿಕ್ಕಿದ ಗುಳಿಯ ಸಂಖ್ಯೆ ಇವೆರಡೂ ಸೇರಿ ‘ಕಿ-67’ ಎಂಬ ಹೆಸರಾಯಿತು. ಮೊದಲು ಅದಕ್ಕೆ ಹೆಪ್ಪುಗಟ್ಟಿಸಿದ ತಾಜಾ ಅಂಗಾಂಶವೇ ಬೇಕಿತ್ತು. 1990ರ ದಶಕದ ಆರಂಭದಲ್ಲಿ ಮೇಣದಲ್ಲಿ ಕಾಪಿಟ್ಟ ತುಣುಕುಗಳ ಮೇಲೂ ಕೆಲಸ ಮಾಡುವ ಹೊಸ ಪ್ರತಿಕಾಯ ಬಂದಿತು. ಪ್ರಯೋಗಾಲಯಗಳಲ್ಲಿ ವರ್ಷಗಟ್ಟಲೆ ಕೂಡಿಟ್ಟಿದ್ದ ಹಳೆಯ ಗಡ್ಡೆಗಳು ಹೀಗೆ ಮತ್ತೆ ಮಾತಾಡತೊಡಗಿದವು.

ಅಮೆರಿಕದಲ್ಲಿ 1997ರಲ್ಲಿ ಪ್ರಕಟವಾದ ಅಧ್ಯಯನವೊಂದು 75 ನಾಯಿಗಳ ದಾಖಲೆಗಳನ್ನು ಪರಿಶೀಲಿಸಿತು. ಗಡ್ಡೆಯ ಅಂಚು ಪೂರ್ತಿಯಾಗಿ ತೆಗೆಯದೆ ಉಳಿದಿದ್ದರೆ ಅದು ಮರಳುವ ಸಾಧ್ಯತೆ ಹತ್ತು ಪಟ್ಟಿಗೂ ಹೆಚ್ಚು ಎಂದು ಕಂಡುಬಂತು. 2006ರಲ್ಲಿ 60 ನಾಯಿಗಳ ಗಡ್ಡೆಗಳಲ್ಲಿ ಆಗ್ನಾರ್ ಮತ್ತು ಕಿ-67 ಅಂಕಗಳನ್ನು ಲೆಕ್ಕಹಾಕಿದ ಇನ್ನೊಂದು ಅಧ್ಯಯನ, ಈ ಅಂಕಗಳು ಏರಿದಂತೆ ನಾಯಿ ಬದುಕುವ ಕಾಲ ಕುಗ್ಗುತ್ತದೆಂದು ತೋರಿಸಿತು. ಅಂದರೆ ಗಡ್ಡೆ ಅದೇ ಜಾಗದಲ್ಲಿ ಮರಳುವುದೇ ಎಂಬುದನ್ನು ಹೆಚ್ಚಾಗಿ ಶಸ್ತ್ರವೈದ್ಯರ ಕತ್ತಿ ನಿರ್ಧರಿಸುತ್ತದೆ. ಗಡ್ಡೆಯ ಸ್ವಭಾವ ಎಷ್ಟು ಉಗ್ರ ಎಂಬುದನ್ನು ಸೂಚಕಗಳು ಹೇಳುತ್ತವೆ.

ಇಲ್ಲಿ ನಾವು ಮರೆಯಬಾರದ ಸಂಗತಿಯೊಂದಿದೆ. ಕ್ಯಾನ್ಸರ್ ತಗಲಿದ ಅನೇಕ ನಾಯಿಗಳು ರೋಗದಿಂದ ತಾವಾಗಿ ಸಾಯುವುದಿಲ್ಲ, ದಯಾಮರಣದಿಂದ ಸಾಯುತ್ತವೆ. ಆ ನಿರ್ಧಾರದಲ್ಲಿ ನಾಯಿಯ ನೋವಿನ ಜೊತೆಗೆ ಯಜಮಾನನ ಕಿಸೆಗೂ, ವೈದ್ಯರು ನುಡಿದ ಭವಿಷ್ಯಕ್ಕೂ ಪಾಲಿರುತ್ತದೆ. ‘ಹೆಚ್ಚು ದಿನ ಬದುಕದು’ ಎಂಬ ಮಾತು ಕೇಳಿ ಬೇಗನೆ ಪ್ರಾಣ ತೆಗೆಸಿದರೆ ಆ ಸಾವೂ ಅಂಕಿ ಅಂಶದೊಳಗೆ ಸೇರಿ, ಮುಂದಿನ ನಾಯಿಯ ಭವಿಷ್ಯವನ್ನು ಇನ್ನಷ್ಟು ಕರಾಳವಾಗಿಸುತ್ತದೆ. ಅರವತ್ತು ನಾಯಿಗಳ ಸರಾಸರಿ ನಮ್ಮ ಅಂಗಳದ ಒಂದು ನಾಯಿಯ ಹಣೆಬರಹವಲ್ಲ.

ಹಾಗೆಂದು ಈ ವಿಜ್ಞಾನವನ್ನು ಅಲಕ್ಷಿಸುವುದೂ ಸರಿಯಲ್ಲ. ಅಂಕ ಕಡಿಮೆಯಿದ್ದರೆ ಒಂದು ಕಾಲು ಉಳಿಯಬಹುದು. ಹೆಚ್ಚಿದ್ದರೆ ಶ್ವಾಸಕೋಶದ ಮೇಲೆ ಕಣ್ಣಿಡಬಹುದು. ನಾಯಿ ತನ್ನ ನೋವನ್ನು ಬಾಯಿಬಿಟ್ಟು ಹೇಳಲಾರದು, ಚಿಕಿತ್ಸೆ ಬೇಕೋ ಬೇಡವೋ ಎಂದೂ ಹೇಳಲಾರದು. ಅದರ ಪರವಾಗಿ ತೀರ್ಮಾನಿಸುವವರು ನಾವು. ಆದ್ದರಿಂದ ವರದಿಯ ಅಂಕಿಯೊಂದನ್ನೇ ನೋಡಿ ನಿರ್ಧರಿಸುವ ಬದಲು, ಗಡ್ಡೆಯ ಅಂಚು ಪೂರ್ತಿ ಹೋಗಿದೆಯೇ, ನಾಯಿ ಉಣ್ಣುತ್ತಿದೆಯೇ, ನಡೆಯುತ್ತಿದೆಯೇ ಎಂಬುದನ್ನೂ ವೈದ್ಯರೊಡನೆ ಕೂತು ವಿಚಾರಿಸಬೇಕು.